ಇನ್ವರ್ಟರ್ ಬ್ಯಾಟರಿಗೆ ಯಾವ ನೀರು? ನನ್ನ ಅನುಭವ

ಕರೆಂಟ್ ಹೋದರೆ ನಮ್ಮ ಇನ್ವರ್ಟರ್ ಬೇಗ ಕೈಕೊಡುತ್ತಿತ್ತು. ಬ್ಯಾಟರಿಯಲ್ಲಿ ನೀರಿನ ಮಟ್ಟ ತೋರಿಸುವ ಫ್ಲೋಟ್‌ಗಳೆಲ್ಲ ಕೆಂಪು ಗುರುತಿಗೆ ಇಳಿದಿದ್ದವು. ನೀರು ಹಾಕಬೇಕು, ಸರಿ. ಯಾವ ನೀರು?

ಕೋಲಾರದ ನಮ್ಮ ಬೋರ್‌ವೆಲ್ ನೀರಂತೂ ಬೇಡವೇ ಬೇಡ. ಪಾತ್ರೆಗೆ ಬಿಳಿ ಪೊರೆ ಕಟ್ಟುವ ನೀರು ಅದು. ಸೋಸಿದರೂ ಕರಗಿದ ಉಪ್ಪು ಹೋಗುವುದಿಲ್ಲ. ಆ ಉಪ್ಪಿನಲ್ಲಿರುವ ಕ್ಲೋರೈಡ್ ಬ್ಯಾಟರಿಯೊಳಗಿನ ಸೀಸದ ಪ್ಲೇಟ್‌ಗಳನ್ನು ತಿನ್ನುತ್ತದೆ. ಕಬ್ಬಿಣದ ಅಂಶವಿದ್ದರೆ ಬ್ಯಾಟರಿ ಸುಮ್ನೆ ಇಟ್ಟರೂ ಚಾರ್ಜ್ ಇಳಿಯುತ್ತದೆ. ಆರ್‌ಒ ನೀರು ಸಾಕಲ್ವಾ ಅಂತ ಮನೆಯಲ್ಲಿ ಕೇಳಿದರು. ನೀರಲ್ಲಿ ಕರಗಿದ ಉಪ್ಪು ಎಷ್ಟಿದೆ ಅಂತ ತೋರಿಸುವ ಟಿಡಿಎಸ್ ಮೀಟರ್ ಅದ್ದಿ ನೋಡಿದೆ: ಆರ್‌ಒ ನೀರು 65, ಅಂಗಡಿಯಿಂದ ತಂದ ಡಿಸ್ಟಿಲ್ಡ್ ವಾಟರ್ 1. ಚಾರ್ಜ್ ಆಗುವಾಗ ಗ್ಯಾಸ್ ಆಗಿ ಹೋಗುವುದು ನೀರು ಮಾತ್ರ. ಉಪ್ಪು ಒಳಗೇ ಉಳಿದು, ಪ್ರತಿ ಸಲ ನೀರು ಹಾಕಿದಾಗಲೂ ಜಾಸ್ತಿಯಾಗುತ್ತಾ ಹೋಗುತ್ತದೆ. ನನ್ನ ಮಟ್ಟಿಗೆ ಇದೇ ಮುಖ್ಯ ಕಾರಣ. ಬಾಟಲಿ ಮೇಲೆ ಡಿಮಿನರಲೈಸ್ಡ್ (ಉಪ್ಪಿನಂಶ ತೆಗೆದದ್ದು) ಅಂತಿದ್ದರೂ ನಡೆಯುತ್ತದೆ.

ಇನ್ವರ್ಟರ್ ಆಫ್ ಮಾಡಿ, ಕನ್ನಡಕ, ಗ್ಲೌಸ್ ಹಾಕಿಕೊಂಡು, ಮೊದಲು ಪ್ಲೇಟ್ ಮುಳುಗುವಷ್ಟೇ ಸುರಿದೆ. ಪೂರ್ತಿ ಚಾರ್ಜ್ ಆದಮೇಲೆ ಹಸಿರು ಗುರುತಿನವರೆಗೆ ತುಂಬಿದೆ. ಚಾರ್ಜ್ ಆಗುವಾಗ ಒಳಗಿನ ದ್ರವ ಮೇಲೇರುತ್ತದೆ, ಮೊದಲೇ ತುಂಬಿದರೆ ಆಸಿಡ್ ಉಕ್ಕಿ ಬರುತ್ತದೆ. ಬ್ಯಾಕಪ್ ಬಹುಮಟ್ಟಿಗೆ ಮೊದಲಿನಂತಾಯಿತು.

ಮಟ್ಟ ಇಳಿದಿದೆ ಅಂತ ಯಾರಾದರೂ ಆಸಿಡ್ ಹಾಕಲು ಹೇಳಿದರೆ ದಯವಿಟ್ಟು ಕೇಳಬೇಡಿ. ಕಡಿಮೆಯಾಗಿರುವುದು ನೀರು, ಆಸಿಡ್ ಅಲ್ಲೇ ಇದೆ.