ಥೀಸಿಸ್‌ಗೆ ಅಂಕಿ ಹಾಕುವ ಮೊದಲು

ಚಿಕ್ಕಮ್ಮನ ಮಗಳು ಮಂಗಳೂರಿನಲ್ಲಿ ಎಂ.ಎ. ಓದುತ್ತಿದ್ದಾಳೆ. ಮೊನ್ನೆ ತನ್ನ ಪ್ರಬಂಧದ ಒಂದು ಅಧ್ಯಾಯ ಕಳಿಸಿದ್ದಳು. ವಿಷಯ ವಲಸೆ. ದಕ್ಷಿಣ ಕನ್ನಡದಲ್ಲಿ 1991ರ ಜನಗಣತಿ ಪ್ರಕಾರ ಸುಮಾರು 27 ಲಕ್ಷ ಜನ, 2001ರಲ್ಲಿ ಸುಮಾರು 19 ಲಕ್ಷ, ಹಾಗಾಗಿ ಹತ್ತು ವರ್ಷದಲ್ಲಿ 8 ಲಕ್ಷ ಜನ ಮುಂಬೈ, ಗಲ್ಫ್ ಅಂತ ಊರು ಬಿಟ್ಟರು ಎಂದು ಬರೆದಿದ್ದಳು. ಎರಡೂ ಅಂಕಿ ಸರಿ, ಅಡಿಟಿಪ್ಪಣಿಯೂ ಇತ್ತು. ವಾದ ಮಾತ್ರ ಪೂರ್ತಿ ತಪ್ಪು. 1997ರಲ್ಲಿ ಉಡುಪಿ ಬೇರೆ ಜಿಲ್ಲೆ ಆಯಿತಲ್ವಾ? 2001ರಲ್ಲಿ ಅಲ್ಲಿ ಸುಮಾರು 11 ಲಕ್ಷ ಜನ ಇದ್ದರು. ಕೂಡಿಸಿದರೆ 30 ಲಕ್ಷ. ಜನ ಜಾಸ್ತಿಯೇ ಆಗಿದ್ದಾರೆ.

ಹಾಗಾಗಿ ಯಾವ ಆಕರ ಕೈಗೆ ಬಂದರೂ ಮೊದಲು ಇದು ಯಾವ ಕಾಲದ್ದು, ಎಷ್ಟು ಜಾಗದ್ದು ಅಂತ ನೋಡಿ. 1956ಕ್ಕಿಂತ ಹಿಂದಿನ ಕಾಗದದಲ್ಲಿ ಸೌತ್ ಕೆನರಾ (ಈ ಜಿಲ್ಲೆಯ ಹಳೇ ಹೆಸರು) ಅಂತಿದ್ದರೆ ಈಗ ಕೇರಳದಲ್ಲಿರುವ ಕಾಸರಗೋಡೂ ಅದರೊಳಗೇ ಇರುತ್ತದೆ.

ಆಮೇಲೆ, ನಿಮ್ಮ ವಾದವನ್ನು ಆ ಆಕರ ಹೊರುತ್ತದಾ ಅಂತ ಕೇಳಿಕೊಳ್ಳಿ. ಒಟ್ಟು ಜನಸಂಖ್ಯೆ ನೋಡಿದರೆ ಯಾರು ಎಲ್ಲಿಗೆ ಹೋದರು ಅನ್ನುವುದು ಗೊತ್ತಾಗುವುದಿಲ್ಲ. ಅದಕ್ಕೆ ಜನಗಣತಿಯ ವಲಸೆ ಕೋಷ್ಟಕಗಳೇ ಬೇರೆ ಇವೆ, ಆದರೆ ಅಲ್ಲಿ ಜನರನ್ನು ಎಣಿಸುವುದು ಅವರು ಈಗ ಇರುವ ಕಡೆ. ಮುಂಬೈಗೆ ಹೋದವರನ್ನು ಮಹಾರಾಷ್ಟ್ರದ ಪುಟಗಳಲ್ಲಿ ಹುಡುಕಬೇಕು. ದುಬೈಗೆ ಹೋದವರು ಅದರಲ್ಲೂ ಸಿಗುವುದಿಲ್ಲ, ಅವರ ಬಗ್ಗೆ ಬರೆಯಲು ಮನೆಮನೆಗೆ ಹೋಗಿ ಕೇಳುವ ಕೆಲಸವೇ ಆಗಬೇಕು. ಕೇಳುವಾಗ ಒಪ್ಪಿಗೆ ಪಡೆಯಿರಿ, ತಾರೀಕು ಬರೆದಿಟ್ಟುಕೊಳ್ಳಿ. ನಾಲ್ಕು ಮನೆಯವರು ಹೇಳಿದ್ದನ್ನು ಇಡೀ ಜಿಲ್ಲೆಯ ಮಾತು ಮಾಡಬೇಡಿ.

ಇನ್ನು ಬ್ರಿಟಿಷ್ ಅಧಿಕಾರಿ ಸ್ಟರಾಕ್ 1894ರಲ್ಲಿ ತಂದ ಸೌತ್ ಕೆನರಾ ಜಿಲ್ಲಾ ಮ್ಯಾನ್ಯುಯಲ್‌ನ (ಜಿಲ್ಲೆಯ ಮಾಹಿತಿ ಕೈಪಿಡಿಯ) ಒಂದು ಸಾಲು ಬೇರೆಯವರ ಥೀಸಿಸ್‌ನಲ್ಲಿ ಕಂಡಿತು ಅಂದುಕೊಳ್ಳಿ. ಮೂಲ ತೆರೆದು ಓದಿ. ಸಿಗಲಿಲ್ಲವಾದರೆ ಇಂಥ ಥೀಸಿಸ್‌ನಲ್ಲಿ ನೋಡಿದ್ದು ಅಂತಲೇ ಬರೆಯಿರಿ, ಸುಮ್ನೆ ಮೂಲವನ್ನೇ ಓದಿದ ಹಾಗೆ ಹಾಕಬೇಡಿ. ನೋಟ್ಸ್ ಮಾಡುವಾಗ ಅವರ ಮಾತಿಗೆ ಉದ್ಧರಣ ಚಿಹ್ನೆ, ಪುಟಸಂಖ್ಯೆ ಆಗಲೇ ಬೀಳಲಿ. ನಿಮ್ಮ ಮಾತಲ್ಲಿ ಬರೆಯುವಾಗ ಪುಸ್ತಕ ಮುಚ್ಚಿಡಿ. ಶಬ್ದ ನಿಮ್ಮದಾದರೂ ವಿಚಾರ ಅವರದ್ದು, ಹೆಸರು ಹಾಕಲೇಬೇಕು.

ತಂಗಿ ಆ ಪ್ಯಾರಾ ತಿದ್ದಿ ಕಳಿಸಿದಳು: ‘1991ರ ಅಂಕಿಯಲ್ಲಿ ಉಡುಪಿಯೂ ಸೇರಿದೆ. ಎರಡೂ ಜಿಲ್ಲೆ ಸೇರಿಸಿ ನೋಡಿದರೆ ಜನಸಂಖ್ಯೆ ಸುಮಾರು 3 ಲಕ್ಷ ಏರಿದೆ. ಎಷ್ಟು ಜನ ಹೊರಗೆ ಹೋದರು ಎಂಬುದನ್ನು ಈ ಅಂಕಿಗಳಿಂದ ಹೇಳಲಾಗದು.’