ಒಂದೇ ಫೋಟೊ, ಪ್ರತಿ ಪರದೆಗೂ ತಕ್ಕ ಅಳತೆ

ಮೊಬೈಲ್ ಕ್ಯಾಮೆರಾದ ಒಂದು ಸಾಮಾನ್ಯ ಫೋಟೊ 4000 ಪಿಕ್ಸೆಲ್ ಅಗಲ, 3000 ಪಿಕ್ಸೆಲ್ ಎತ್ತರ ಇರುತ್ತದೆ, ಒಟ್ಟು 1.2 ಕೋಟಿ ಪಿಕ್ಸೆಲ್. ಅದನ್ನು ಹಾಗೆಯೇ ಜಾಲತಾಣಕ್ಕೆ ಏರಿಸಿದರೆ, ಅಂಗೈಯಗಲದ ಪರದೆಯಲ್ಲಿ ನೋಡುವವರೂ ಅಷ್ಟನ್ನೂ ಇಳಿಸಿಕೊಳ್ಳಬೇಕು. ಪೂರ್ಣ ಗಾತ್ರದಲ್ಲಿ ಬಿಡಿಸಿದಾಗ ಪಿಕ್ಸೆಲ್‌ಗೆ ನಾಲ್ಕು ಬೈಟ್‌ನಂತೆ 48 ಎಂಬಿ ಮೆಮೊರಿಯೂ ಬೇಕು. ಅದೇ ಚಿತ್ರವನ್ನು 800 ಪಿಕ್ಸೆಲ್ ಅಗಲಕ್ಕೆ ಇಳಿಸಿದರೆ ಉಳಿಯುವುದು 4.8 ಲಕ್ಷ ಪಿಕ್ಸೆಲ್, 25ರಲ್ಲಿ ಒಂದು ಪಾಲು. ಸರ್ವರ್ ಒಮ್ಮೆ ಮಾಡಿಡಬಹುದಾದ ಈ ಕೆಲಸದ ಹೊರೆಯನ್ನು ಓದುಗರ ಡೇಟಾ ಪ್ಯಾಕ್ ಮೇಲೆ ಹಾಕುವುದು ಅನ್ಯಾಯ.

ಏರಿಸಿದ ಫೋಟೊದಿಂದ ಬೇರೆ ಬೇರೆ ಅಳತೆಯ ಪ್ರತಿಗಳನ್ನು ಸರ್ವರಿನಲ್ಲೇ ತಯಾರಿಸುವುದು ಹೇಗೆ ಎಂಬುದನ್ನು ಇಲ್ಲಿ ನೋಡ್ ಜೆಎಸ್ (ಸರ್ವರಿನಲ್ಲಿ ಜಾವಾಸ್ಕ್ರಿಪ್ಟ್ ಓಡಿಸುವ ವ್ಯವಸ್ಥೆ) ಮತ್ತು ಚಿತ್ರಗಳಿಗಾಗಿಯೇ ಇರುವ ಅದರ ಶಾರ್ಪ್ ಲೈಬ್ರರಿಯನ್ನು ಇಟ್ಟುಕೊಂಡು ವಿವರಿಸುತ್ತೇನೆ. ಶಾರ್ಪ್‌ನ ಒಳಗೆ ಕೆಲಸ ಮಾಡುವ ಇನ್ನೊಂದು ಲೈಬ್ರರಿ ಲಿಬ್‌ವಿಪ್ಸ್. ಅದು ಚಿತ್ರವನ್ನು ಸಾಧ್ಯವಾದಷ್ಟೂ ತುಣುಕು ತುಣುಕಾಗಿ ಸಂಸ್ಕರಿಸುವುದರಿಂದ ವೇಗವೂ ಇದೆ, ಮೆಮೊರಿಯೂ ಕಡಿಮೆ ಸಾಕು. ಪೈಥಾನ್‌ನ ಪಿಲ್ಲೊ ಬಳಸುವವರಿಗೂ ಹಂತಗಳು ಹೆಚ್ಚುಕಡಿಮೆ ಇವೇ.

ಹಂತ 1: ಮೂಲವನ್ನು ಕಾಪಾಡಿ, ಪರೀಕ್ಷಿಸಿ

ಏರಿಸಿದ ಫೋಟೊವನ್ನು ಹಾಗೆಯೇ ಬೇರೆ ಫೋಲ್ಡರಿನಲ್ಲಿ ಇಡಿ. ನಾಳೆ ಹೊಸ ಅಳತೆಯೋ ಹೊಸ ಫಾರ್ಮ್ಯಾಟೋ ಬೇಕಾದಾಗ ಮೂಲದಿಂದಲೇ ತಯಾರಿಸಬೇಕು. ಜೆಪೆಗ್ ಅನ್ನು ಮತ್ತೆ ಮತ್ತೆ ಉಳಿಸಿದರೆ ಗುಣಮಟ್ಟ ಕುಗ್ಗುತ್ತದೆ. ಕಡತದ ತೂಕದ ಜೊತೆಗೆ ಪಿಕ್ಸೆಲ್ ಸಂಖ್ಯೆಗೂ ಮಿತಿ ಹಾಕಿ. ಕೆಲವೇ ಕೆಬಿಯ ಕಡತ ಬಿಚ್ಚಿಕೊಂಡಾಗ ದೈತ್ಯ ಚಿತ್ರವಾಗಿ ಸರ್ವರನ್ನೇ ಮಲಗಿಸಬಲ್ಲದು. ಶಾರ್ಪ್ ತಾನಾಗಿಯೇ ಸುಮಾರು 26.8 ಕೋಟಿ ಪಿಕ್ಸೆಲ್‌ಗಳವರೆಗೆ ಬಿಡುತ್ತದೆ. ಸಾಮಾನ್ಯ ತಾಣಕ್ಕೆ 5 ಕೋಟಿ ಧಾರಾಳ.

ಹಂತ 2: ಮೊದಲು ನೆಟ್ಟಗೆ ನಿಲ್ಲಿಸಿ

ಹೆಚ್ಚಿನವರು ಎಡವುವುದು ಇಲ್ಲಿ. ಫೋನನ್ನು ಉದ್ದಕ್ಕೆ ಹಿಡಿದು ತೆಗೆದ ಚಿತ್ರ ಕಡತದಲ್ಲಿ ಅಡ್ಡಲಾಗಿಯೇ ಇರಬಹುದು. ಎತ್ತ ತಿರುಗಿಸಿ ತೋರಿಸಬೇಕು ಎಂಬ ಸೂಚನೆ, ಕಡತದೊಳಗೆ ಕ್ಯಾಮೆರಾ ಬರೆದಿಡುವ ಎಕ್ಸಿಫ್ ಮಾಹಿತಿಯಲ್ಲಿರುತ್ತದೆ. ಶಾರ್ಪ್ ಹೊಸ ಕಡತ ಬರೆಯುವಾಗ ಆ ಮಾಹಿತಿಯನ್ನು ಕಿತ್ತುಹಾಕುತ್ತದೆ. ಆಗ ಸೂಚನೆ ಹೋಗಿ, ನಿಂತ ಮನುಷ್ಯ ಮಲಗಿಬಿಡುತ್ತಾನೆ. ಹಾಗಾಗಿ ಅಳತೆ ಬದಲಿಸುವ ಮೊದಲು ‘ರೊಟೇಟ್’ ವಿಧಾನವನ್ನು ಕೋನ ಕೊಡದೆ ಕರೆಯಿರಿ. ಅದು ಸೂಚನೆಯಂತೆ ಪಿಕ್ಸೆಲ್‌ಗಳನ್ನೇ ತಿರುಗಿಸುತ್ತದೆ. ಮಾಹಿತಿ ಅಳಿಯುವುದು ಒಳ್ಳೆಯದೇ. ಫೋಟೊ ತೆಗೆದ ಸ್ಥಳದ ಜಿಪಿಎಸ್ ಗುರುತೂ ಅದರಲ್ಲಿರಬಹುದು. ಯಾರದೋ ಮನೆಯ ವಿಳಾಸ ನಿಮ್ಮ ತಾಣದ ಮೂಲಕ ಹೊರಬೀಳಬಾರದು.

ಹಂತ 3: ಅಳತೆಗಳ ಪಟ್ಟಿ

400, 800, 1200, 1600 ಪಿಕ್ಸೆಲ್ ಅಗಲಗಳು ಬಹುತೇಕ ಪುಟಗಳಿಗೆ ಸಾಕು. ಬ್ರೌಸರಿನ ಲೆಕ್ಕದಲ್ಲಿ 360 ಪಿಕ್ಸೆಲ್ ಅಗಲವಿದ್ದು, ಪರದೆಯ ನಿಜವಾದ ಪಿಕ್ಸೆಲ್ ಸಾಂದ್ರತೆ ಅದರ ಮೂರು ಪಟ್ಟಿರುವ ಫೋನ್ 1080 ಪಿಕ್ಸೆಲ್ ಕೇಳುತ್ತದೆ, ಅದಕ್ಕೆ 1200ರ ಪ್ರತಿ ಹೊಂದುತ್ತದೆ. ಚಿಕ್ಕ ಚಿತ್ರವನ್ನು ಹಿಗ್ಗಿಸದಂತೆ ‘ವಿದೌಟ್ ಎನ್‌ಲಾರ್ಜ್‌ಮೆಂಟ್’ ಆಯ್ಕೆ ಹಾಕಿ. ಬೇಡಿಕೆ ಬಂದಾಗಲೇ ಪ್ರತಿ ತಯಾರಿಸುವ ವ್ಯವಸ್ಥೆಯಾದರೆ, ಪಟ್ಟಿಯಲ್ಲಿಲ್ಲದ ಅಗಲ ಕೇಳಿದವರಿಗೆ ಕೊಡಲೇಬೇಡಿ. ಇಲ್ಲವಾದರೆ ಕಿಡಿಗೇಡಿಯೊಬ್ಬ 401, 402, 403 ಎಂದು ಕೇಳುತ್ತ ಡಿಸ್ಕ್ ತುಂಬಿಸಬಹುದು.

ಹಂತ 4: ಫಾರ್ಮ್ಯಾಟ್

ಪ್ರತಿ ಅಗಲಕ್ಕೂ ಎವಿಐಎಫ್, ವೆಬ್‌ಪಿ, ಜೆಪೆಗ್ ಹೀಗೆ ಮೂರು ಪ್ರತಿ. ಮೊದಲೆರಡು ಜೆಪೆಗ್‌ಗಿಂತ ಹೊಸ ಚಿತ್ರ ಫಾರ್ಮ್ಯಾಟ್‌ಗಳು. ಗುಣಮಟ್ಟಕ್ಕೆ ಶಾರ್ಪ್‌ನ ಪೂರ್ವನಿಗದಿತ ಅಂಕಗಳಾದ, ಇದೇ ಕ್ರಮದಲ್ಲಿ, 50, 80, 80ರಿಂದ ಆರಂಭಿಸಿ, ಕಣ್ಣಲ್ಲಿ ನೋಡಿ ಹೊಂದಿಸಿ. ಒಂದರ 50 ಇನ್ನೊಂದರ 50ಕ್ಕೆ ಸಮವಲ್ಲ. ಎವಿಐಎಫ್ ತಯಾರಿಗೆ ಸಮಯ ಹಿಡಿಯುತ್ತದೆ. ಏರಿಸಿದವರನ್ನು ಕಾಯಿಸದೆ, ಆ ಕೆಲಸವನ್ನು ಹಿನ್ನೆಲೆಯ ಸರತಿಗೆ ಹಾಕಿ.

ಕನ್ನಡ ಅಕ್ಷರಗಳಿರುವ ಪೋಸ್ಟರ್ ಅಥವಾ ಆಮಂತ್ರಣವಾದರೆ ಲೆಕ್ಕವೇ ಬೇರೆ. ಜೆಪೆಗ್ ಸಾಮಾನ್ಯವಾಗಿ ಬಣ್ಣದ ವಿವರವನ್ನು ಅರ್ಧ ಅಗಲ, ಅರ್ಧ ಎತ್ತರಕ್ಕೆ ಇಳಿಸುತ್ತದೆ. ಕೆಂಪು ಹಿನ್ನೆಲೆಯ ಹಳದಿ ಅಕ್ಷರಗಳಲ್ಲಿ ಮೊದಲು ಕಲಸಿಹೋಗುವುದು ಒತ್ತಕ್ಷರ. ಇಂತಹವುಗಳಿಗೆ ನಷ್ಟರಹಿತ ವೆಬ್‌ಪಿ ಅಥವಾ ಪಿಎನ್‌ಜಿ ಬಳಸಿ. ಸಾಧ್ಯವಾದಲ್ಲೆಲ್ಲ ಪಠ್ಯವನ್ನು ಪಠ್ಯವಾಗಿಯೇ ಪುಟದಲ್ಲಿ ಕೊಡಿ: ಹುಡುಕಿದರೆ ಸಿಗುತ್ತದೆ, ದೃಷ್ಟಿದೋಷವಿರುವವರ ಸ್ಕ್ರೀನ್ ರೀಡರ್ ಅದನ್ನು ಓದಿ ಹೇಳುತ್ತದೆ.

ಹಂತ 5: ಪುಟದಲ್ಲಿ ಸೇರಿಸಿ

‘ಪಿಕ್ಚರ್’ ಟ್ಯಾಗ್‌ನೊಳಗೆ ಎವಿಐಎಫ್ ಮೊದಲು, ನಂತರ ವೆಬ್‌ಪಿ, ಕೊನೆಗೆ ಜೆಪೆಗ್. ತನಗೆ ಅರ್ಥವಾಗುವ ಮೊದಲನೆಯದನ್ನು ಬ್ರೌಸರ್ ಆರಿಸುವುದರಿಂದ ಈ ಅನುಕ್ರಮ ಮುಖ್ಯ. ‘ಎಸ್‌ಆರ್‌ಸಿ‌ಸೆಟ್’ನಲ್ಲಿ (ಪ್ರತಿಗಳನ್ನು ಪಟ್ಟಿ ಮಾಡುವ ಗುಣ) ಪ್ರತಿ ಕಡತದ ಅಗಲ ಬರೆಯಿರಿ. ಪುಟದಲ್ಲಿ ಚಿತ್ರ ಎಷ್ಟು ಅಗಲವಾಗಿ ಕಾಣುತ್ತದೆ ಎಂದು ಹೇಳುವ ‘ಸೈಜಸ್’ ಗುಣವನ್ನು ಮರೆಯಲೇಬೇಡಿ: ಅದಿಲ್ಲದಿದ್ದರೆ ಚಿತ್ರ ಇಡೀ ಪರದೆಯಷ್ಟು ಅಗಲವಿದೆ ಎಂದೇ ಬ್ರೌಸರ್ ಭಾವಿಸಿ, ಪುಟ್ಟ ಕಾಲಮ್ಮಿಗೂ ದೊಡ್ಡ ಕಡತ ತರಿಸುತ್ತದೆ. ಅಗಲ, ಎತ್ತರ ಎರಡನ್ನೂ ನಮೂದಿಸಿದರೆ ಓದುತ್ತಿರುವಾಗ ಸಾಲುಗಳು ಜಿಗಿಯುವುದಿಲ್ಲ. ಓದುಗರು ಹತ್ತಿರ ಬಂದಾಗಲೇ ಚಿತ್ರ ಇಳಿಸುವ ‘ಲೇಜಿ’ ಆಯ್ಕೆ ಕೆಳಗಿನ ಚಿತ್ರಗಳಿಗೆ ಮಾತ್ರ. ಪುಟದ ಮೊದಲ ದೊಡ್ಡ ಚಿತ್ರಕ್ಕೆ ಹಾಕಿದರೆ ಅದು ತಡವಾಗುತ್ತದೆ.

ಕಡತದ ಹೆಸರಿಗೆ ಅದರ ಹ್ಯಾಶ್ (ಕಡತದ ಒಳಗಿರುವುದರಿಂದಲೇ ಲೆಕ್ಕಹಾಕಿದ ಗುರುತು) ಸೇರಿಸಿ, ಕ್ಯಾಶ್ ಅವಧಿಯನ್ನು, ಅಂದರೆ ಬ್ರೌಸರ್ ಪ್ರತಿಯನ್ನು ತನ್ನಲ್ಲಿ ಇಟ್ಟುಕೊಳ್ಳುವ ಸಮಯವನ್ನು, ಒಂದು ವರ್ಷ, ಅಂದರೆ 31536000 ಸೆಕೆಂಡ್ ಇಡಿ. ಚಿತ್ರ ಬದಲಾದರೆ ಹೆಸರೂ ಬದಲಾಗುತ್ತದೆ, ಹಳೆಯದು ಕಾಣಿಸಿಕೊಳ್ಳುವ ಭಯವಿಲ್ಲ.

ಎಲ್ಲ ಮುಗಿದ ಮೇಲೆ ಕ್ರೋಮ್‌ನ ಡೆವಲಪರ್ ಟೂಲ್ಸ್ ತೆರೆದು, ನೆಟ್‌ವರ್ಕ್ ವಿಭಾಗದಲ್ಲಿ ಕ್ಯಾಶ್ ನಿಲ್ಲಿಸಿ, ಪರದೆಯ ಅಗಲ ಬದಲಿಸುತ್ತ ಪ್ರತಿ ಸಲವೂ ಪುಟವನ್ನು ಮತ್ತೆ ಲೋಡ್ ಮಾಡಿ. ಕ್ಯಾಶ್ ನಿಲ್ಲಿಸದಿದ್ದರೆ, ಆಗಲೇ ಇಳಿಸಿಕೊಂಡ ದೊಡ್ಡ ಪ್ರತಿಯನ್ನೇ ಬ್ರೌಸರ್ ಮತ್ತೆ ತೋರಿಸಬಹುದು. ಫೋನಿನ ಅಗಲದಲ್ಲೂ 1600ರ ಕಡತವೇ ಬರುತ್ತಿದ್ದರೆ ಮೊದಲು ‘ಸೈಜಸ್’ ಸಾಲನ್ನು ನೋಡಿ.