ಆಷಾಢದ ಮಳೆಯಲ್ಲಿ ಸೌತೆ: 6 ಬಳ್ಳಿ, 22 ಕೆಜಿ

"ಮಳೆಗಾಲದಲ್ಲಿ ಸೌತೆ ಬಳ್ಳಿ ನಿಲ್ಲಲ್ಲ, ದುಡ್ಡು ದಂಡ" ಎಂದವರೇ ಈಗ ಬೀಜ ಕೇಳುತ್ತಿದ್ದಾರೆ. ಮೂಡಿಗೆರೆ ಕಡೆಯ ಹಿತ್ತಲಲ್ಲಿ ಈ ಸಲ 6 ಬಳ್ಳಿಗೆ ಹೆಚ್ಚುಕಡಿಮೆ 22 ಕೆಜಿ ಕೊಯ್ದೆ.

ಮೊದಲ ವರ್ಷ ನೆಲಕ್ಕೇ ಊರಿದ್ದು. ಎರಡೆಲೆಯಲ್ಲೇ ಬುಡ ಕೊಳೆತು ಮಲಗಿತು. ಮರುವರ್ಷ ಮಣ್ಣು ತುಂಬಿದ ಗ್ರೋ ಬ್ಯಾಗು, ಮೇಲೆ 200 ಮೈಕ್ರಾನ್ ದಪ್ಪದ ಪ್ಲಾಸ್ಟಿಕ್ ಶೀಟು. ಸಿಲ್ವರ್ ಓಕ್ ಮರದ ಕಂಬ ತೋಟದ್ದೇ, ಶೀಟಿಗೆ ಸುಮಾರು 1,400 ರೂಪಾಯಿ. ತಪ್ಪಿದ್ದು ಶೀಟನ್ನು ಸುತ್ತಲೂ ಇಳಿಬಿಟ್ಟಿದ್ದರಲ್ಲಿ. ಒಳಗೆ ಬೆವರಿ ಎಲೆಗೆ ಹನಿ ತೊಟ್ಟಿಕ್ಕಿತು. ನರಗಳ ನಡುವೆ ಮೂಲೆಮೂಲೆಯಾದ ಹಳದಿ ಮಚ್ಚೆ, ಎಲೆ ಮಗುಚಿದರೆ ಬೂದು ಬಣ್ಣದ ಬೂಜು. ಹದಿನೈದು ದಿನಕ್ಕೆ ಚಪ್ಪರ ಖಾಲಿ. ಈಗ ಶೀಟಿನ ಮಾಡು ಮಾತ್ರ, 7 ಅಡಿ ಎತ್ತರಕ್ಕೆ; ಸುತ್ತ ತೆರೆದೇ ಇದೆ. ಇರಚಲು ಹೊಡೆಯುವ ಪಡುವಣಕ್ಕಷ್ಟೇ ಒಂದೂವರೆ ಅಡಿ ಇಳಿಸಿದ್ದೇನೆ. ಬುಡದಿಂದ ಐದು ಗೆಣ್ಣಿನವರೆಗೆ ಪಕ್ಕದ ಕುಡಿ, ಹೂ ಎಲ್ಲ ಚಿವುಟುವುದು.

ಬಳ್ಳಿ ಉಳಿಯಿತು, ಮಿಡಿ ನಿಲ್ಲಲಿಲ್ಲ. ಹೆಬ್ಬೆರಳುದ್ದಕ್ಕೆ ಬಂದು ಹಳದಿಯಾಗಿ ಉದುರುತ್ತಿತ್ತು. ಪೋಷಕಾಂಶದ ಕೊರತೆ ಎಂದುಕೊಂಡು 600 ರೂಪಾಯಿ ಟಾನಿಕ್ಕಿಗೆ ಸುರಿದೆ. ಕೊರತೆ ಇದ್ದದ್ದು ಜೇನಿನದ್ದು. ಜಡಿಮಳೆಯಲ್ಲಿ ಅದು ಗೂಡು ಬಿಡುವುದಿಲ್ಲ. ಹಾಗಾಗಿ ಬೆಳಿಗ್ಗೆ 9ರೊಳಗೆ ಗಂಡು ಹೂವಿನ ಎಸಳು ಕಿತ್ತು, ಕೇಸರವನ್ನು ಹೆಣ್ಣು ಹೂವಿನೊಳಗೆ ಸುತ್ತಲೂ ಸವರಬೇಕು. ಒಂದೇ ಬದಿಗೆ ಸವರಿದರೆ ಕಾಯಿ ಕೊಕ್ಕೆಯಂತೆ ಡೊಂಕಾಗುತ್ತದೆ. ಪರಾಗ ಒದ್ದೆಯಾಗದಿರಲು ಹಿಂದಿನ ಸಂಜೆ ಮೊಗ್ಗಿಗೆ ಮಾಡುವ ಒಂದು ಕೆಲಸವಿದೆ; ಅದನ್ನು ಬರೆಯಲ್ಲ, ಮನೆಗೆ ಬಂದರೆ ತೋರಿಸುತ್ತೇನೆ.

ಪಾಲಿಹೌಸಿನವರು ಹಾಕುವ, ಪರಾಗವೇ ಬೇಡದ ತಳಿಯನ್ನೂ ನೋಡಿದೆ. ಒಂದು ಬೀಜಕ್ಕೆ ಏಳೆಂಟು ರೂಪಾಯಿ. ನಾಟಿ ಬಳ್ಳಿಯ ಪಕ್ಕದಲ್ಲೇ ಇಟ್ಟಿದ್ದರಿಂದ ಬಿಸಿಲು ಬಿದ್ದ ದಿನ ಜೇನು ಪರಾಗ ತಂದು ಹಚ್ಚಿ, ಅರ್ಧ ಕಾಯಿ ತುದಿ ಉಬ್ಬಿ ಬೀಜ ತುಂಬಿಕೊಂಡವು. ರುಚಿಯೂ ಸಪ್ಪೆ, ಬಿಟ್ಟೆ.

ಹಣ್ಣು ನೊಣಕ್ಕೆ ವಾಸನೆಯಿಂದ ಸೆಳೆಯುವ ಕ್ಯೂಲೂರ್ ಬಲೆ ಒಂದನ್ನೇ ನಂಬಬೇಡಿ, ಅದಕ್ಕೆ ಬೀಳುವುದು ಗಂಡು ನೊಣ. ಮೊಟ್ಟೆ ಇಡುವ ಹೆಣ್ಣನ್ನು ತಡೆಯಲು, ಸವರಿದ ಎರಡನೇ ದಿನ ಮಿಡಿಗೆ ಹಳೇ ಪಂಚೆಯ ಚೀಲ ಕಟ್ಟುವುದು.

ನಾಟಿ ಸೌತೆ ಗೇಣುದ್ದ ಆಗುವಾಗ, ದಿನ ಬಿಟ್ಟು ದಿನ, ಕತ್ತರಿಯಲ್ಲಿ ಚೂರು ತೊಟ್ಟು ಬಿಟ್ಟು ಕೊಯ್ಯಿರಿ. ಎಳೆದರೆ ಬಳ್ಳಿ ಸೀಳುತ್ತದೆ. ಎಲೆ ಮರೆಯಲ್ಲಿ ಒಂದು ಕಾಯಿ ಹಳದಿಗೆ ತಿರುಗಿದರೂ ಹೊಸ ಮಿಡಿ ಕಡಿಮೆಯಾಗುತ್ತವೆ. ಆಮೇಲೆ ನೀರು: ಹೊರಗೆ ಮಳೆ ಸುರಿಯುತ್ತಿದ್ದರೂ ಮಾಡಿನಡಿಯ ಬ್ಯಾಗು ಒಣಗಿರುತ್ತದೆ, ಒಣಗಿದರೆ ತೊಟ್ಟಿನ ಕಡೆ ಕಹಿ. ಬ್ಯಾಗಿಗೆ ದಿನಾ ಎರಡು ಲೀಟರ್ ಹಾಕಿದೆ. ಕೊಡೆ ಹಿಡಿದು ನೀರು ಹಾಕುವುದನ್ನು ಕಂಡು ಪಕ್ಕದ ಮನೆಯವರು ನಕ್ಕದ್ದೂ ಆಯಿತು.